ಹಲ್ಲು ನೋಡದೆ ಕಾಫಿ ಗ್ರೈಂಡರ್ ತಗೋಬೇಡಿ

6,800 ರೂಪಾಯಿ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳೋಕೆ ನಾಚಿಕೆಯಾಗುತ್ತೆ. ಮೈಸೂರಿನ ಸಯ್ಯಾಜಿರಾವ್ ರಸ್ತೆ ಕಡೆಯ ಒಂದು ಅಂಗಡಿ, ದಸರಾ ಆಫರ್, ಡಬ್ಬದ ಮೇಲೆ ಅಂಗೈಯಗಲ ಅಕ್ಷರದಲ್ಲಿ ‘ಬರ್ ಗ್ರೈಂಡರ್’. ಒಳಗೆ ಬರ್ ಇಲ್ಲ. ಬರ್‍ರ್ ಅನ್ನೋ ಸದ್ದು ಮಾತ್ರ ಇದೆ. ದೂರು ಕೊಟ್ಟಿದ್ದೀನಿ, ಅದಕ್ಕೇ ಅಂಗಡಿ ಹೆಸರು ಬರೆಯಲ್ಲ. ಕೇಳಲೂಬೇಡಿ.

ಮಿಕ್ಸಿಯ ಬ್ಲೇಡು ಬೀಜವನ್ನ ಸಿಕ್ಕಸಿಕ್ಕಲ್ಲಿ ಕಡಿಯುತ್ತೆ, ಅರ್ಧ ನುಚ್ಚು, ಅರ್ಧ ಧೂಳು. ಬರ್ ಅಂದ್ರೆ ನಮ್ಮ ಬೀಸುಕಲ್ಲೇ. ಎರಡು ಹಲ್ಲಿನ ಮೈ, ನಡುವೆ ಒಂದು ಸಂದಿ. ಆ ಸಂದಿಗೆ ಹೊಂದುವಷ್ಟು ಸಣ್ಣಗಾದ ಮೇಲೇ ಪುಡಿ ಕೆಳಗಿಳಿಯಬೇಕು. ಬೀಸುಕಲ್ಲು ನುಣುಪಾದರೆ ಉಳಿ ತಂದು ಕುಟ್ಟಿಸ್ತಿದ್ದರಲ್ಲ, ಯಾಕೆ? ಅಂಚು ಇಲ್ಲದ ಕಲ್ಲು ಬೀಸಲ್ಲ, ಜಜ್ಜುತ್ತೆ. ನನಗೆ ಗಂಟು ಕಟ್ಟಿದ್ದು ಅದೇ, ಅಂಚೇ ಇಲ್ಲದ ಕಲ್ಲು.

ಗೊತ್ತಿಲ್ಲದೆ ಮೋಸ ಹೋಗಿದ್ದಿದ್ರೆ ಸುಮ್ಮನಿರ್ತಿದ್ದೆ. ನಾನು ನೋಡಿದ್ದೆ! ಕೌಂಟರ್ ಮೇಲಿದ್ದ ಡೆಮೊ ಮಿಷನ್ನಿನ ಮೇಲಿನ ಉಂಗುರ ಬಿಚ್ಚಿಸಿದ್ದೆ. ಕೋನ್ ಆಕಾರದ ಉಕ್ಕಿನ ಬರ್, ಸುಮಾರು 40 ಮಿಲಿಮೀಟರ್, ಉಗುರು ತಾಗಿಸಿದ್ರೆ ಕಚ್ಚೋ ಹಾಗಿತ್ತು. 20 ಗ್ರಾಂ ಪೀಬೆರಿ (ಗುಂಡನೆ ಕಾಫಿ ಬೀಜ) ಹಾಕಿ ತೋರಿಸಿದ್ರು, ಚಿರೋಟಿ ರವೆ ಥರ ಒಂದೇ ಸಮ ಬಿತ್ತು. ತಗೊಳ್ತೀನಿ ಅಂದೆ. ಆಗ ಒಳಗಿಂದ ಸೀಲ್ ಮಾಡಿದ ಡಬ್ಬ ಬಂತು. “ಇದನ್ನ ಯಾರ್ಯಾರೋ ಮುಟ್ಟಿರ್ತಾರೆ ಮೇಡಂ, ನಿಮಗೆ ಫ್ರೆಶ್ ಪೀಸೇ ಕೊಡ್ತೀನಿ.” ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಥ್ಯಾಂಕ್ಸ್!

ಮನೇಲಿ ಸ್ವಿಚ್ ಹಾಕಿದ ಕೂಡಲೇ ಅನುಮಾನ ಬಂತು. ಗೇರ್ ಇರೋ ಮಿಷನ್ ನಿಮಿಷಕ್ಕೆ 400-600 ಸುತ್ತು ತಿರುಗುತ್ತೆ, ಸದ್ದು ದಪ್ಪಗೆ ಗುರುಗುಟ್ಟುತ್ತೆ. ಇದು ಮಿಕ್ಸಿ ಥರ ಕಿರುಚ್ತು. ಮೋಟಾರ್‌ಗೆ ನೇರವಾಗಿ ಹಲ್ಲು ಸಿಕ್ಕಿಸಿದಾರೆ ಅಂತ ಅರ್ಥ. ಪುಡಿ ಬೆಚ್ಚಗೆ ಬಂತು, ಅರ್ಧ ಡಬ್ಬಿಯ ಗೋಡೆಗೇ ಅಂಟ್ಕೊಂಡು ಕೂತಿತ್ತು. 25 ಗ್ರಾಂ ಪುಡಿ, 120 ಎಂಎಲ್ ನೀರು, ದಿನಾ ಹಾಕೋ ಅದೇ ಹಿತ್ತಾಳೆ ಫಿಲ್ಟರ್. ಮೂರೇ ನಿಮಿಷಕ್ಕೆ ಸುರಿದುಹೋಯ್ತು, ಡಿಕಾಕ್ಷನ್ ಚಹಾ ಬಣ್ಣ. ಪುಡಿಯ ದಪ್ಪ ಹೊಂದಿಸೋ ನಂಬರನ್ನ ಎರಡು ಹೆಜ್ಜೆ ನುಣ್ಣಗೆ ಮಾಡಿದೆ. ಈಗ ಮುಕ್ಕಾಲು ಗಂಟೆಯಾದ್ರೂ ನೀರು ಮೇಲೇ ನಿಂತಿದೆ. ಇಳಿದಷ್ಟಕ್ಕೂ ಕಹಿ, ತಳದಲ್ಲಿ ಕೆಸರು. ನಡುವಿನ ನಂಬರಲ್ಲಿ ಎರಡು ರೋಗವೂ ಒಟ್ಟಿಗೆ: ದಪ್ಪ ಚೂರು ಒಳಗೆ ನೆನೆಯೋದೇ ಇಲ್ಲ, ಅದರಿಂದ ಸಪ್ಪೆ. ಧೂಳು ಫಿಲ್ಟರ್ ತೂತು ಮುಚ್ಚುತ್ತೆ, ಅದರಿಂದ ಕಹಿ. ಯಾವ ನಂಬರ್ ಇಟ್ಟರೂ ಸರಿಹೋಗಲ್ಲ, ಯಾಕಂದ್ರೆ ತೊಂದರೆ ಇರೋದು ನಂಬರಲ್ಲಲ್ಲ. 50 ಗ್ರಾಂ ಪುಡಿ ಹಿಟ್ಟಿನ ಜರಡಿಗೆ ಹಾಕಿದೆ. 14 ಗ್ರಾಂ ಮೇಲೇ ಉಳೀತು, ಬನ್ಸಿ ರವೆಗಿಂತ ದಪ್ಪ. ಕೆಳಗೆ ಬಿದ್ದಿದ್ದರಲ್ಲಿ ಒಂದು ಪಾಲು ಮೈದಾ ಥರ ಧೂಳು.

ಆಮೇಲೆ ಹಾಪರ್ (ಬೀಜ ತುಂಬೋ ಮೇಲಿನ ಡಬ್ಬಿ) ತೆಗೆದು ಉಂಗುರ ಬಿಚ್ಚಿದೆ. ಡೆಮೊದಲ್ಲಿದ್ದ ಕೋನ್ ಇಲ್ಲ. ಕಪ್ಪು ಬಣ್ಣ ಬಳಿದ ಎರಡು ಎರಕದ ಬಿಲ್ಲೆ, ಮೇಲೆ ಮೊಂಡು ಗೂಟಗಳು, ಸವೆದ ಒರಳಿನ ಥರ. ಹೊರಗಿನ ಉಂಗುರ ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದ್ರೆ ಕೆಳಗಿನ ಬಿಲ್ಲೆ ಓಲಾಡುತ್ತೆ. ಅಲ್ಲಿಗೆ ಸಂದಿ ಒಂದೇ ಸಮ ಇರೋ ಮಾತೇ ಇಲ್ಲ. ಹೊರಗಿನ ಬಾಡಿ, ಗುಂಡಿ, ಬಣ್ಣ ಎಲ್ಲಾ ಡೆಮೊ ಥರಾನೇ. ಹಲ್ಲು ಮಾತ್ರ ಬೇರೆ. ಸಂತೇಲಿ ಎತ್ತು ಕೊಳ್ಳೋರು ಬಾಯಿ ಹಿಡಿದು ಹಲ್ಲು ನೋಡ್ತಾರೆ. ನಾನೂ ನೋಡಿದೆ, ಪಕ್ಕದ ಎತ್ತಿನ ಹಲ್ಲು ನೋಡಿ ಈ ಎತ್ತಿನ ಹಗ್ಗ ಹಿಡ್ಕೊಂಡು ಬಂದೆ.

ಇನ್ನು ಅಂಗಡಿಯವರ ಉತ್ತರಗಳು. ಮೊದಲ ಫೋನ್: “ಹೊಸ ಮಿಷನ್ ಅಲ್ವಾ ಮೇಡಂ, ಸೆಟ್ ಆಗೋಕೆ ಒಂದು ತಿಂಗಳು ಬೇಕು.” ಮೊಂಡು ಹಲ್ಲು ತಿಂಗಳಿಗೆ ಚೂಪಾಗುತ್ತಾ? ಎರಡನೇ ಸಲ: “ಚಿಕೋರಿ ಹಾಕಿರ್ತೀರಾ, ಅದಕ್ಕೇ ಕಟ್ಟಿದೆ.” ಚಿಕೋರಿ ತೇವ ಎಳ್ಕೊಂಡು ಹಲ್ಲಿನ ಸಂದೀಲಿ ಅಂಟಾಗುತ್ತೆ, ಪುಡಿಗೆ ಆಮೇಲೆ ಬೆರೆಸ್ಕೋಬೇಕು ಅನ್ನೋದು ನನಗೆ ಅವರು ಹೇಳ್ಬೇಕಾ? ಮೂರನೇ ಸಲ: “ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ, ಕ್ಲೀನ್ ಆಗುತ್ತೆ.” ದಯವಿಟ್ಟು ಯಾರೂ ಮಾಡಬೇಡಿ. ಹುರಿದ ಬೀಜ ಹಗುರ, ಗರಿಗರಿ. ಅಕ್ಕಿ ಅದಕ್ಕಿಂತ ಗಟ್ಟಿ, ಸಣ್ಣ ಮೋಟಾರ್ ನಿಂತುಹೋದ್ರೆ ‘ನೀವೇ ಹಾಳು ಮಾಡಿದ್ರಿ’ ಅಂತ ವಾರಂಟಿ ಕೈಬಿಡ್ತಾರೆ. ಬಹುಶಃ ಅವರಿಗೆ ಬೇಕಿದ್ದೂ ಅದೇ. ಒಣ ಬ್ರಷ್ ಸಾಕು, ನೀರೂ ಬೇಡ.

ಮಿಷನ್ ಹೊತ್ಕೊಂಡು ಕುವೆಂಪುನಗರದಿಂದ ಬಸ್ಸಲ್ಲಿ ಮೂರು ಸಲ ಹೋಗಿದ್ದೀನಿ. ಡೆಮೊ ಪಕ್ಕದಲ್ಲಿಟ್ಟು ಎರಡೂ ಬಿಚ್ಚಿ ತೋರಿಸಿದೆ. ಒಂದು ಕ್ಷಣ ನೋಡಿ ಹೇಳಿದ್ದು: “ಅದು ಹಳೇ ಮಾಡೆಲ್ ಮೇಡಂ. ಇದು ಅಪ್‌ಡೇಟ್ ಆಗಿರೋದು.” ಅಪ್‌ಡೇಟ್! ಉಕ್ಕು ಹೋಗಿ ಪ್ಲಾಸ್ಟಿಕ್ ಬಂದ್ರೆ ಅಪ್‌ಡೇಟ್. ಹಾಗಾದ್ರೆ ಆ ಹಳೇ ಮಾಡೆಲ್ಲೇ ಕೊಡಿ ಅಂದೆ. “ಅದು ಮಾರಾಟಕ್ಕಲ್ಲ.” ಕೊನೆಗೆ, ಇದನ್ನ ಬರೀಬಾರದು ಅಂದ್ಕೊಂಡಿದ್ದೆ, “ಮನೇಲಿ ಸಾರ್ ಇದ್ರೆ ಫೋನ್ ಕೊಡಿ, ಅವರಿಗೆ ಅರ್ಥ ಆಗೋ ಹಾಗೆ ಹೇಳ್ತೀನಿ” ಅಂದ್ರು. ಸುತ್ತ ನಾಲ್ಕು ಜನ ಗಿರಾಕಿಗಳು ನಿಂತಿದ್ರು.

ಇಷ್ಟಾದ ಮೇಲೆ 2,200 ಕೊಟ್ರೆ ‘ಒರಿಜಿನಲ್ ಬರ್ ಸೆಟ್’ ಹಾಕಿಕೊಡ್ತಾರಂತೆ. ಗೇರ್ ಇಲ್ಲದ ಮೋಟಾರ್‌ಗೆ ಆ ಕೋನ್ ಕೂರೋದಾದ್ರೂ ಹೇಗೆ? ಶಾಫ್ಟೇ ಬೇರೆ.

ಬಿಲ್ ತೆಗೆದು ನೋಡಿದಾಗ ಇನ್ನೊಂದು ಪೆಟ್ಟು. ‘ಕಾಫಿ ಗ್ರೈಂಡರ್ - 1’ ಅಂತಷ್ಟೇ ಇದೆ. ಮಾಡೆಲ್ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಡಬ್ಬದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು ಅಂತ ಕಾನೂನೇ ಇದೆ. ಇದರಲ್ಲಿ ಎಂಆರ್‌ಪಿ ಚೀಟಿ ಒಂದೇ, ಅದೂ ಇನ್ನೊಂದು ಚೀಟಿ ಮೇಲೆ ಅಂಟಿಸಿದ್ದು. ಅವತ್ತು ಒಂದನ್ನೂ ಓದಲಿಲ್ಲ, ಜಂಬೂಸವಾರಿ ಮುಂಚಿನ ನೂಕುನುಗ್ಗಲಲ್ಲಿ ಬಸ್ಸು ಸಿಕ್ಕರೆ ಸಾಕಾಗಿತ್ತು.

ತಗೊಳ್ಳೋರು ಕೇಳಿ. ಡೆಮೊ ಅಲ್ಲ, ನಿಮಗೆ ಕೊಡೋ ಪೀಸನ್ನೇ ದುಡ್ಡು ಕೊಡೋ ಮೊದಲು ಬಿಚ್ಚಿಸಿ. ಬಿಚ್ಚಲ್ಲ ಅಂದ್ರೆ ಎದ್ದು ಬನ್ನಿ. ಅಂಚು ಉಗುರಿಗೆ ಕಚ್ಚಬೇಕು, ಕೆಳಗಿನ ಬರ್ ಅಲ್ಲಾಡಬಾರದು. ನಿಮ್ಮದೇ 20 ಗ್ರಾಂ ಬೀಜ ತಗೊಂಡು ಹೋಗಿ, ಪುಡಿ ಬಿಳಿ ಹಾಳೆ ಮೇಲೆ ಹರಡಿ, ಎರಡು ಬೆರಳಲ್ಲಿ ಉಜ್ಜಿ ನೋಡಿ. ಬಿಲ್ಲಲ್ಲಿ ‘ಉಕ್ಕಿನ ಕೋನಿಕಲ್ ಬರ್’ ಅಂತ ಮಾಡೆಲ್ ನಂಬರ್ ಸಮೇತ ಬರೆಸಿ, ಅವರು ಮುಖ ಸಿಂಡರಿಸಿದ್ರೂ ಬರೆಸಿ. ಇದೇ ದುಡ್ಡಿಗೆ ಎರಡು ಬೇರಿಂಗ್ ಇರೋ, ಉಕ್ಕಿನ ಬರ್‌ನ ಕೈ ಗ್ರೈಂಡರ್ ಇದಕ್ಕಿಂತ ಎಷ್ಟೋ ವಾಸಿ. 25 ಗ್ರಾಂಗೆ ಒಂದೆರಡು ನಿಮಿಷ ತೋಳು ನೋಯುತ್ತೆ ಅಷ್ಟೇ. ಒಳ್ಳೇ ಕರೆಂಟ್ ಮಿಷನ್ನೇ ಸಿಕ್ಕಿದ್ರೆ, ನುಣ್ಣಗೆ ಮಾಡೋವಾಗ ಮೋಟಾರ್ ಓಡ್ತಿರುವಾಗಲೇ ನಂಬರ್ ತಿರುಗಿಸಿ. ನಿಂತಾಗ ತಿರುಗಿಸಿದ್ರೆ ನಡುವೆ ಸಿಕ್ಕ ಬೀಜ ಹಲ್ಲನ್ನ ಅಮುಕಿಡುತ್ತೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ಇಲ್ಲಿ ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ಅಲ್ಲೀವರೆಗೂ ಬೀದಿ ಕೊನೆಯ ಕಾಫಿಪುಡಿ ಅಂಗಡೀಲೇ ವಾರಕ್ಕೆ ಕಾಲು ಕೆಜಿ ಪುಡಿ ಮಾಡಿಸ್ಕೊಂಡು ಬರ್ತಿದ್ದೀನಿ.

ನಿನ್ನೆ ಆ ಅಂಗಡಿ ಮುಂದೆ ಹಾದುಹೋದೆ. ಡೆಮೊ ಮಿಷನ್ ಅದೇ ಜಾಗದಲ್ಲಿದೆ. ಚೀಟಿ ಮಾತ್ರ ಬದಲಾಗಿದೆ, ‘ದೀಪಾವಳಿ ಆಫರ್’.