ಕೂತರೆ ಉರಿ, ನಿಂತರೆ ಹಗುರ: ಪೆಲ್ವಿಕ್ ನೋವಿನ ಕ್ಲಿನಿಕ್ ಒಂದರ ಬಗ್ಗೆ

ಐದರಲ್ಲಿ ನಾಲ್ಕು ಸ್ಟಾರ್. ಹೆಸರು ಹಾಕುವುದಿಲ್ಲ, ಯಾಕಂದ್ರೆ ಸ್ವಲ್ಪ ಬೈಯುವುದೂ ಇದೆ.

ಕೂತಾಗ ಕೆಳಗೆ ಉರಿಯುವ ನೋವು ಇದ್ದವರಿಗೆ ಪ್ಯುಡೆಂಡಲ್ ನರದ ಹೆಸರು ಗೊತ್ತಿರುತ್ತದೆ. ಬೆನ್ನಿನ ಬುಡದಿಂದ ಹೊರಟು, ಎರಡು ಲಿಗಮೆಂಟ್‌ಗಳ (ಎಲುಬುಗಳನ್ನು ಕಟ್ಟಿಹಿಡಿಯುವ ಪಟ್ಟಿಗಳ) ನಡುವೆ ನುಸುಳಿ, ಆಮೇಲೆ ಆಲ್ಕಾಕ್ ಕಾಲುವೆ ಅನ್ನುವ ಸಣ್ಣ ದಾರಿಯಲ್ಲಿ ಹೋಗುವ ನರ ಇದು. ಈ ಜಾಗಗಳಲ್ಲಿ ಅದು ಸಿಕ್ಕಿಹಾಕಿಕೊಳ್ಳಬಹುದು, ನಿಜ. ಆದರೆ ಅದೇ ಜಾಗದ ನೋವೆಲ್ಲಾ ಆ ನರದ್ದೇ ಅಲ್ಲ. ಈ ಕ್ಲಿನಿಕ್ ನನಗೆ ಇಷ್ಟವಾಗಿದ್ದೇ ಇದಕ್ಕೆ, ರೋಗಕ್ಕೆ ಹೆಸರಿಡಲು ಇವರು ಅವಸರ ಮಾಡಲಿಲ್ಲ.

ಡಾಕ್ಟರ್ ಮೊದಲು ನನ್ನ ಎಂಆರ್‌ಐ ಫೈಲ್ ತೆಗೆಯಲೇ ಇಲ್ಲ. "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ" ಅಂದರು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಟಾಯ್ಲೆಟ್ ಸೀಟಿನ ಮೇಲೆ ಕೂತರೆ ಕಡಿಮೆ ಅನ್ನಿಸುತ್ತಾ? ಮೂತ್ರಕೋಶ ತುಂಬಿದಾಗ ಜಾಸ್ತಿ ಆಗುತ್ತಾ? ಹರ್ನಿಯಾ ಆಪರೇಷನ್ ಆಗಿದೆಯಾ? ಕೊನೆಯದು ಯಾಕಂದ್ರೆ ಆ ಆಪರೇಷನ್ ನಂತರ ತೊಡೆಸಂದಿಯ ಬೇರೆ ನರಗಳೂ ನೋಯಬಹುದು. ಮೂತ್ರಕೋಶದ ಪ್ರಶ್ನೆ ಮೂತ್ರಕೋಶದ್ದೇ ಕಾಯಿಲೆ ಇದೆಯಾ ಅಂತ ನೋಡಲು. ಹೆಂಗಸರಾದರೆ ಮುಟ್ಟಿನ ಜೊತೆ ಏರಿಳಿಯುತ್ತಾ ಅಂತಲೂ ಕೇಳುತ್ತಾರಂತೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಇರಬಹುದು ಅಂತ. ಎಂಆರ್‌ಐ ಹೆಚ್ಚಾಗಿ ಗಡ್ಡೆ, ಸಿಸ್ಟ್, ಡಿಸ್ಕ್ ತೊಂದರೆ ಇಂಥವು ಇಲ್ಲ ಅಂತ ತಿಳಿಯಲು, ಅದರಲ್ಲಿ ನರ ಸಿಕ್ಕಿಕೊಂಡಿದ್ದು ಕಾಣಲೇಬೇಕು ಅಂತ ಕಾಯಬೇಡಿ ಅಂದರು.

ನೋವು ಪ್ಯುಡೆಂಡಲ್ ನರ ಸಿಕ್ಕಿಕೊಂಡಿದ್ದಕ್ಕಾ ಅಂತ ಇವರು ಅಳೆಯುವುದು 2008ರಲ್ಲಿ ಪ್ರಕಟವಾದ ನಾಂತ್ ಮಾನದಂಡದ ಪ್ರಕಾರ. ನೋವು ಆ ನರದ ವ್ಯಾಪ್ತಿಯಲ್ಲೇ (ಜನನಾಂಗ, ಗುದದ್ವಾರ, ಅವುಗಳ ನಡುವಿನ ಜಾಗ) ಇರಬೇಕು, ಕೂತಾಗ ಮುಖ್ಯವಾಗಿ ಕಾಡಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷೆಯಲ್ಲಿ ಸ್ಪರ್ಶ ಕಡಿಮೆಯಾಗಿರಬಾರದು, ಮತ್ತು ನರಕ್ಕೆ ಅರಿವಳಿಕೆ ಕೊಟ್ಟಾಗ ನೋವು ಇಳಿಯಬೇಕು. ನನಗೆ ಮೊದಲ ನಾಲ್ಕೂ ಸರಿಹೊಂದಿದವು. ಐದನೆಯದಕ್ಕೆ ಬ್ಲಾಕ್, ಅಂದ್ರೆ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುವ ಇಂಜೆಕ್ಷನ್.

ಸ್ಕ್ಯಾನ್ ನೋಡಿಕೊಂಡು ಸೂಜಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಹತ್ತಿಯ ಎಳೆ ಸವರಿ ಚರ್ಮ ಮರಗಟ್ಟಿದೆಯಾ ನೋಡಿದರು, ಮರಗಟ್ಟಿತ್ತು. ಅಂದ್ರೆ ಔಷಧಿ ಸರಿಯಾದ ಜಾಗಕ್ಕೆ ಬಿದ್ದಿದೆ. ಆಮೇಲೆ ಹೊರಗೆ ಕೂರಿಸಿದರು. ಕೂರಲು ಆಗದವರ ಕ್ಲಿನಿಕ್‌ನಲ್ಲಿ ಕಬ್ಬಿಣದ ಕುರ್ಚಿ ಇಟ್ಟಿದ್ದಾರಲ್ಲ ಅಂತ ಬೆಳಿಗ್ಗೆಯಿಂದ ಬೈದುಕೊಳ್ಳುತ್ತಿದ್ದೆ, ಪರೀಕ್ಷೆಗೆ ಮಾತ್ರ ಅದೇ ಸರಿಯಾಯಿತು. ಮೇಲೆ ಏನೂ ಗೊತ್ತಾಗುತ್ತಿರಲಿಲ್ಲ, ಒಳಗಿನ ನೋವು ಇದ್ದಲ್ಲೇ ಇತ್ತು! ನರದ ಅನುಮಾನ ಅಲ್ಲೇ ಬಹಳಷ್ಟು ಕಡಿಮೆಯಾಯಿತು.

ನೋವು ಇಳಿದಿದ್ದರೂ ನರ ಸಿಕ್ಕಿಕೊಂಡಿದೆ ಅಂತ ಖಚಿತ ಅಲ್ಲ, ಇದನ್ನು ಡಾಕ್ಟರ್ ಎರಡು ಸಲ ಹೇಳಿದರು. ನೋವು ಆ ನರದ ದಾರಿಯಲ್ಲಿದೆ ಅಂತ ಮಾತ್ರ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಬ್ಲಾಕ್ ಒಂದನ್ನೇ ನೋಡಿ ಆಪರೇಷನ್ ಅನ್ನುವವರ ಹತ್ತಿರ ಇನ್ನೊಬ್ಬರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ.

ಮುಂದೆ ಫಿಸಿಯೋಥೆರಪಿಸ್ಟ್. ಅವರು ಒಳಗಿನಿಂದ ಬೆರಳಿಟ್ಟು ಪಕ್ಕದ ಸ್ನಾಯು ಒತ್ತಿದ ಕೂಡಲೇ ಅದೇ ಉರಿ, ಅದೇ ಜಾಗ. ಆಬ್ಟುರೇಟರ್ ಇಂಟರ್ನಸ್ ಅನ್ನುವ ಸ್ನಾಯು, ಆಲ್ಕಾಕ್ ಕಾಲುವೆಗೆ ಅಂಟಿಕೊಂಡೇ ಇರುತ್ತೆ. ಅದು ಬಿಗಿದರೆ ನರದ ನೋವಿನ ಹಾಗೇ ಕಾಣುತ್ತೆ. ಈಗ ಸ್ನಾಯು ಸಡಿಲಿಸುವ ಚಿಕಿತ್ಸೆ ನಡೆದಿದೆ, ನಿಧಾನ, ಆದರೆ ಕೂರುವ ಹೊತ್ತು ಹೆಚ್ಚಿದೆ.

ಒಂದು ಮಾತು: ಕೂರುವ ಜಾಗ ಮರಗಟ್ಟಿದರೆ, ಮೂತ್ರ ಬಾರದಿದ್ದರೆ ಅಥವಾ ಕಾಲು ಸೋತರೆ ಇಂಥ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ತಗೊಂಡು ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಸ್ಟಾರ್ ಕಡಿತ ಕುರ್ಚಿಗಲ್ಲ, ರಿಪೋರ್ಟ್‌ಗೆ. ಇಷ್ಟೆಲ್ಲಾ ನೋಡಿ ಕೊಟ್ಟಿದ್ದು "ಬ್ಲಾಕ್ ನೆಗೆಟಿವ್" ಅನ್ನುವ ಒಂದೇ ಸಾಲು. ಚರ್ಮ ಮರಗಟ್ಟಿತ್ತು, ಎಷ್ಟು ಹೊತ್ತು, ಕೂತಾಗ ಏನಾಯಿತು, ಒಂದೂ ಬರೆದಿಲ್ಲ. ನೀವು ಹೋದರೆ ಇಂಜೆಕ್ಷನ್ ದಿನ ಗಂಟೆಗೊಂದು ಸಲ ನೋವಿನ ಅಂಕ ನೀವೇ ಬರೆದಿಟ್ಟುಕೊಳ್ಳಿ, ಮತ್ತು ರಿಪೋರ್ಟ್‌ನಲ್ಲಿ ಅದನ್ನು ಸೇರಿಸಿ ಅಂತ ಅಲ್ಲೇ ನಿಂತು ಕೇಳಿ.