ಕ್ರೇಟು, ಮರದ ಪೆಟ್ಟಿಗೆ, ಬಿದಿರಿನ ಬುಟ್ಟಿ: ಕೋಳಿಗಳು ಒಪ್ಪಿದ ಗೂಡು ಯಾವುದು?

ಜಗಳೂರು ತಾಲ್ಲೂಕಿನ ನಮ್ಮ ಮನೆಯ ಹಿತ್ತಲಿನಲ್ಲಿ ಆರು ನಾಟಿ ಕೋಳಿಗಳೂ ಎಂಟು ಗಿರಿರಾಜ ಕೋಳಿಗಳೂ ಇವೆ. ಇವು ಗೂಡನ್ನು ಬಿಟ್ಟು ಮೆಕ್ಕೆಜೋಳದ ಸಪ್ಪೆಯ ಬಣವೆಯಲ್ಲಿಯೂ ಸೌದೆ ರಾಶಿಯ ಸಂದಿಯಲ್ಲಿಯೂ ಇಡುತ್ತಿದ್ದ ಮೊಟ್ಟೆಗಳು ನಾಯಿ, ಮುಂಗುಸಿಗಳ ಪಾಲಾಗತೊಡಗಿದಾಗ, ಮೂರು ಬಗೆಯ ಗೂಡುಗಳನ್ನು ಒಂದೇ ಕೊಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದೆ. ನಾಲ್ಕೈದು ಕೋಳಿಗೆ ಒಂದು ಗೂಡು ಸಾಕಾಗುವುದರಿಂದ ಸಂಖ್ಯೆಯ ಕೊರತೆ ಇರಲಿಲ್ಲ.

ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟು ಅಗ್ಗ, ತೊಳೆಯುವುದೂ ಸುಲಭ. ಆದರೆ ಅದರ ಕಿಂಡಿಗಳಿಂದ ಎಲ್ಲ ಕಡೆಯೂ ಬೆಳಕು ಬೀಳುತ್ತದೆ. ಮೊಟ್ಟೆಯಿಡುವ ಹೊತ್ತಿಗೆ ಕೋಳಿ ಹುಡುಕುವುದು ಕತ್ತಲೆಯನ್ನು ಮತ್ತು ಮರೆಯನ್ನು. ಹೀಗಾಗಿ ನಮ್ಮ ಕೋಳಿಗಳು ಒಳಗೆ ಕಾಲಿಟ್ಟು, ಒಂದು ಸುತ್ತು ತಿರುಗಿ, ಹೊರಬರುತ್ತಿದ್ದವು. ಮೂರು ಬದಿಗೆ ಗೋಣಿಚೀಲ ಕಟ್ಟಿದ ಮೇಲೆಯೇ ಒಂದೆರಡು ಕೋಳಿಗಳು ಕುಳಿತವು.

ಬಡಗಿಯಿಂದ ಮಾಡಿಸಿದ ಮರದ ಪೆಟ್ಟಿಗೆಯ ಮೇಲೆ ನನಗೆ ಹೆಚ್ಚು ನಂಬಿಕೆಯಿತ್ತು. ಒಳಗೆ ಕತ್ತಲೆಯೂ ಇತ್ತು, ಗಟ್ಟಿಯೂ ಇತ್ತು. ಅದನ್ನು ಮೂರಡಿ ಎತ್ತರಕ್ಕೆ ಹೊಡೆದದ್ದೇ ತಪ್ಪಾಯಿತು. ಮೈಭಾರದ ಗಿರಿರಾಜ ಕೋಳಿಗಳು ಅಷ್ಟೆತ್ತರಕ್ಕೆ ಹಾರಲಾರದೆ ಪೆಟ್ಟಿಗೆಯ ಕೆಳಗಿನ ನೆಲದಲ್ಲಿಯೇ ಮೊಟ್ಟೆಯಿಟ್ಟವು. ಹಾರಬಲ್ಲ ನಾಟಿ ಕೋಳಿಗಳಾದರೋ, ರಾತ್ರಿ ಕೂರುವ ಅಡ್ಡಗೋಲು ಎರಡೇ ಅಡಿ ಎತ್ತರದಲ್ಲಿದ್ದುದರಿಂದ, ಎತ್ತರದ ಜಾಗವನ್ನೇ ಬಯಸುವ ತಮ್ಮ ಸ್ವಭಾವದಂತೆ ಪೆಟ್ಟಿಗೆಯೊಳಗೆ ಮಲಗಿ ಅದನ್ನು ಹಿಕ್ಕೆಯಿಂದ ತುಂಬಿಸಿದವು; ಬೆಳಿಗ್ಗೆ ಆ ಹೊಲಸಿನಲ್ಲಿ ಯಾವ ಕೋಳಿಯೂ ಕೂರಲಿಲ್ಲ. ಪೆಟ್ಟಿಗೆಯನ್ನು ಒಂದಡಿಗೆ ಇಳಿಸಿದ ಕೂಡಲೇ ಎರಡೂ ತೊಂದರೆಗಳು ಒಟ್ಟಿಗೆ ನೀಗಿದವು. ಉಳಿದದ್ದು ನುಸಿಯ ಕಾಟ. ಹಗಲಿನಲ್ಲಿ ಮರದ ಸಂದುಗಳಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿ ಸೇರಿದರೆ ಕೋಳಿಗಳು ಗೂಡನ್ನೇ ತೊರೆಯುತ್ತವೆ, ಆದ್ದರಿಂದ ಸಂದುಗಳಿಗೆ ಆಗಾಗ ಸುಣ್ಣ ಬಳಿಯಲೇಬೇಕು.

ಸಂತೆಯಲ್ಲಿ ಕೊಂಡ ಬಿದಿರಿನ ಬುಟ್ಟಿಯನ್ನು ಮೂಲೆಯಲ್ಲಿ ಅಡ್ಡ ಮಲಗಿಸಿ, ಬಾಯಿಯನ್ನು ಅರ್ಧ ಗೋಡೆಯ ಕಡೆಗೆ ತಿರುಗಿಸಿದೆ. ಮೊದಲು ಶೇಂಗಾ ಸಿಪ್ಪೆ ಹಾಸಿದಾಗ ಕೋಳಿ ಕೆದಕಿದಷ್ಟೂ ಅದು ಚೆದುರಿ, ಮೊಟ್ಟೆ ಬರಿಯ ಬಿದಿರಿನ ಮೇಲೆ ಬಿದ್ದು ಬಿರುಕು ಬಿಟ್ಟಿತು. ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಹಾಸಿದಾಗ ಕೋಳಿಯೇ ಅದನ್ನು ಮೈಯಿಂದ ಒತ್ತಿ ಗುಳಿ ಮಾಡಿಕೊಂಡಿತು. ನಮ್ಮ ಅತ್ತೆಯವರ ಸಲಹೆಯಂತೆ ಇದ್ದಿಲಿನಿಂದ ಗುರುತು ಹಾಕಿದ ಒಂದು ಮೊಟ್ಟೆಯನ್ನು ಅಲ್ಲಿಯೇ ಬಿಟ್ಟ ಮೇಲೆ ಉಳಿದ ಕೋಳಿಗಳೂ ಅದೇ ಬುಟ್ಟಿಗೆ ಸರದಿ ಕಾಯತೊಡಗಿದವು. ಬುಟ್ಟಿ ಬಹುಕಾಲ ಬಾಳದಿದ್ದರೂ ನನ್ನ ಆಯ್ಕೆ ಅದೇ.

ಹೊರಗೆ ಮೊಟ್ಟೆಯಿಡದಂತೆ ಕೋಳಿಗಳನ್ನು ಬೆಳಿಗ್ಗೆ ಹತ್ತರವರೆಗೆ ಕೊಟ್ಟಿಗೆಯಲ್ಲೇ ಕೂಡಿಹಾಕುವುದರಿಂದ ಪ್ರಯೋಜನವಿದೆ, ಆದರೆ ಪೂರ್ತಿಯಲ್ಲ. ಒಂದು ಮೊಟ್ಟೆಗೂ ಮುಂದಿನದಕ್ಕೂ ಸುಮಾರು 25 ಗಂಟೆ ಹಿಡಿಯುವುದರಿಂದ ಮೊಟ್ಟೆಯಿಡುವ ಹೊತ್ತು ದಿನೇದಿನೇ ಮುಂದಕ್ಕೆ ಸರಿದು ಮಧ್ಯಾಹ್ನವನ್ನು ಮುಟ್ಟುತ್ತದೆ. ಒಂದು ಕರಿಯ ನಾಟಿ ಕೋಳಿ ಮಾತ್ರ ಇಂದಿಗೂ ಬಣವೆಯನ್ನು ಬಿಟ್ಟಿಲ್ಲ. ಅದು ಹಿಡಿದ ಸಂದಿಗೆ ಸೌದೆ ಅಡ್ಡವಿಟ್ಟು, ಅಲ್ಲಿನ ಸಪ್ಪೆಯನ್ನೇ ತಂದು ಎರಡನೆಯ ಬುಟ್ಟಿಗೆ ಹಾಸಿದ್ದೇನೆ.