ಎಲಿವೇಟೆಡ್ ಮೇಲೆ ಬಸ್ಸು ಕೆಟ್ಟು ನಿಂತರೆ: ವಿಸಿಮ್, ಸುಮೊ, ಇಲ್ಲಾ ಸೆಲ್ ಮಾಡೆಲ್?

ಟ್ರಾಫಿಕ್ಕನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡೋಕೆ ವಿಸಿಮ್, ಸುಮೊ ಅನ್ನೋ ಸಾಫ್ಟ್‌ವೇರ್‌ಗಳಿವೆ, ಸೆಲ್ ಟ್ರಾನ್ಸ್‌ಮಿಷನ್ ಮಾಡೆಲ್ ಅನ್ನೋ ಸರಳ ಲೆಕ್ಕವೂ ಇದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಈ ಸೆಲ್ ಮಾಡೆಲ್‌ಗೆ. ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗಿನ ಸುಮಾರು 10 ಕಿ.ಮೀ. ಎಲಿವೇಟೆಡ್ ರಸ್ತೆಯಲ್ಲಿ ಬಸ್ಸೊಂದು ಕೆಟ್ಟರೆ ಕ್ಯೂ ಎಲ್ಲಿವರೆಗೆ ಬೆಳೆಯುತ್ತದೆ, ಟೋಯಿಂಗ್ ಗಾಡಿ ಹತ್ತು ನಿಮಿಷ ಬೇಗ ಬಂದರೆ ಎಷ್ಟು ಉಳಿಯುತ್ತದೆ, ನನಗೆ ಬೇಕಿದ್ದದ್ದು ಇಷ್ಟೇ. ಒಂದು ದಿಕ್ಕಿಗೆ ಎರಡೇ ಲೇನ್. ಒಂದು ಮುಚ್ಚಿದರೆ ಅರ್ಧ ಸಾಮರ್ಥ್ಯ ಉಳಿಯುತ್ತದೆ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ಹೈವೇ ಕೆಪಾಸಿಟಿ ಮ್ಯಾನುಯಲ್‌ನ 2000ದ ಆವೃತ್ತಿ ಕೊಡುವುದು ಶೇ. 35 ಮಾತ್ರ. ಎಲ್ಲರೂ ನಿಧಾನ ಮಾಡಿ ಇಣುಕಿ ನೋಡುತ್ತಾರಲ್ಲ.

ವಿಸಿಮ್ ನೋಡೋಕೆ ಚೆಂದ, ಮೀಟಿಂಗ್‌ನಲ್ಲಿ ತೋರಿಸಿದರೆ ಸಾಹೇಬರು ಖುಷಿಯಾಗುತ್ತಾರೆ. ಲೈಸೆನ್ಸ್ ಆಫೀಸಿನವರು ಕೊಡಿಸಿದರೆ ಸರಿ, ನನ್ನ ಜೇಬಿಗಂತೂ ಆಗದು.

ಸುಮೊ ಫ್ರೀ. ಒಂದೇ ಲೇನನ್ನು ಸಣ್ಣ ಪಟ್ಟಿಗಳಾಗಿ ಒಡೆಯುವ ಸಬ್‌ಲೇನ್ ಹಾಕಿದರೆ ಬೈಕುಗಳು ಸಂದಿಯಲ್ಲಿ ನುಗ್ಗುವುದೂ ಕಾಣುತ್ತದೆ, ನಮ್ಮ ರಸ್ತೆಗೆ ಅದು ಬೇಕೇ ಬೇಕು. ಆದರೆ ಅದರಲ್ಲೊಂದು ಕಿರಿಕಿರಿ ಇದೆ. ಕೆಟ್ಟ ಬಸ್ಸಿನ ಹಿಂದೆ ಸಿಕ್ಕಿಕೊಂಡ ಕಾರು 300 ಸೆಕೆಂಡ್ ಅಲ್ಲಾಡದಿದ್ದರೆ ಸುಮೊ ಅದನ್ನು ಅಲ್ಲಿಂದ ಎತ್ತಿ, ಮುಂದೆ ಜಾಗ ಸಿಕ್ಕ ಕಡೆ ಇಳಿಸುತ್ತದೆ. ಟೆಲಿಪೋರ್ಟ್ ಅಂತಾರೆ. ಮಾಮೂಲಿ ಟ್ರಾಫಿಕ್‌ಗೆ ಇದರಿಂದ ತೊಂದರೆ ಕಡಿಮೆ. ನಾವು ಅಳೆಯುತ್ತಿರುವುದೇ ನಿಂತ ಗಾಡಿಗಳನ್ನು! ಟೋಯಿಂಗ್ ಗಾಡಿ ಬರುವ ಮೊದಲೇ ಕ್ಯೂ ಸುಮ್ನೆ ಕರಗುತ್ತದೆ, ಗ್ರಾಫ್ ಮಾತ್ರ ಸುಂದರವಾಗಿ ಬರುತ್ತದೆ, ವಾರ್ನಿಂಗ್ ಓದದಿದ್ದರೆ ಗೊತ್ತೇ ಆಗುವುದಿಲ್ಲ.

ಆ 300 ಸೆಕೆಂಡ್ ಇರುವ ಟೈಮ್-ಟು-ಟೆಲಿಪೋರ್ಟ್ ಸೆಟ್ಟಿಂಗ್‌ಗೆ -1 ಕೊಟ್ಟರೆ ಇದು ನಿಲ್ಲುತ್ತದೆ. ಆಗ ರ‍್ಯಾಂಪ್ ಸೇರುವ ಕಡೆ ಎರಡು ಗಾಡಿ ಒಂದಕ್ಕೊಂದು ದಾರಿ ಬಿಡದೆ ನಿಂತುಬಿಟ್ಟರೆ ಬಸ್ಸು ಎತ್ತಿದ ಮೇಲೂ ಜಾಮ್ ಬಿಡುವುದಿಲ್ಲ. ಈ ಜಾಮ್ ಬಸ್ಸಿನದಾ, ಸಾಫ್ಟ್‌ವೇರಿನದಾ ಅಂತ ಒಂದೊಂದು ರನ್ ಕೂತು ನೋಡಬೇಕು.

ಸೆಲ್ ಮಾಡೆಲ್‌ನಲ್ಲಿ ಮಾಯವಾಗಲು ಬಿಡಿ ಗಾಡಿಯೇ ಇಲ್ಲ, ಇರುವುದು ಗಾಡಿಗಳ ಎಣಿಕೆ ಮಾತ್ರ. 1994ರಲ್ಲಿ ಡಗಾಂಜೊ ಅನ್ನೋ ಸಾರಿಗೆ ಸಂಶೋಧಕ ಕೊಟ್ಟ ಲೆಕ್ಕ. ರಸ್ತೆಯನ್ನು ತುಂಡು ಮಾಡಿ, ಮುಂದಿನ ತುಂಡಿನಲ್ಲಿ ಜಾಗ ಇದ್ದಷ್ಟೇ ಗಾಡಿ ಬಿಡುವುದು. ಗಂಟೆಗೆ 72 ಕಿ.ಮೀ. ವೇಗ, 5 ಸೆಕೆಂಡಿಗೊಮ್ಮೆ ಲೆಕ್ಕ ಅಂದರೆ ಅಷ್ಟರಲ್ಲಿ ಗಾಡಿ ಹೋಗುವ 100 ಮೀಟರಿಗೆ ಒಂದು ತುಂಡು, ಪೂರ್ತಿ ರಸ್ತೆಗೆ ನೂರೇ ತುಂಡು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ತಕ್ಷಣ ಮುಗಿಯುತ್ತದೆ. ಟೋಯಿಂಗ್ ಸಮಯ ಬದಲಿಸಿ ಬದಲಿಸಿ ಓಡಿಸಬಹುದು. ಬೈಕುಗಳ ನುಗ್ಗಾಟ ಇದಕ್ಕೆ ತಿಳಿಯದು, ಒಪ್ಪುತ್ತೇನೆ. ಅದಕ್ಕೇ ತೀರಾ ಕೆಟ್ಟದಾಗಿ ಕಂಡ ಒಂದೆರಡು ಸಂದರ್ಭಗಳನ್ನು ಮಾತ್ರ, ಟೆಲಿಪೋರ್ಟ್ ಆಫ್ ಮಾಡಿ, ಸುಮೊಗೆ ಕೊಡುತ್ತೇನೆ.